ಸರ್ವರ್ ಡೊಮೇನ್ ಬದಲಿಸಿದ ರವಿವಾರ

ಸೊಲ್ಲಾಪುರದಲ್ಲಿ ಟವೆಲ್ಲು, ಚಾದರ ನೇಯುವ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ. ವಿಭಾಗವೆಂದರೆ ಇದ್ದದ್ದು ಇಬ್ಬರೇ: ನಾನು, ಮತ್ತು ನನಗಿಂತ ಬಹಳ ದೊಡ್ಡವರಾದ ಚಪಳಗಾಂವದ ಒಬ್ಬರು. ನನಗೆ ಕೆಲಸ ಕಲಿಸಿದವರೇ ಅವರು. ಎಲ್ಲರೆದುರು ಮರಾಠಿಯಲ್ಲಿ ‘ಸರ್’ ಎನ್ನುತ್ತಿದ್ದೆ. ಇಬ್ಬರೇ ಇದ್ದಾಗ ಕನ್ನಡದಲ್ಲಿ ‘ಅಣ್ಣಾ’.

ಪುಣೆಯ ದೊಡ್ಡ ಕಂಪನಿಯೊಂದು ನಮ್ಮದನ್ನು ಕೊಂಡಿತು. ನಮ್ಮ ಯಂತ್ರಗಳೆಲ್ಲ ಅವರ ಡೊಮೇನಿಗೆ ಸೇರಬೇಕೆಂದಾಯಿತು. ಇನ್ನು ಮುಂದೆ ಯಾರು ಲಾಗಿನ್ ಆಗಬೇಕು, ಯಾರು ಆಗಬಾರದು ಎಂಬುದನ್ನು ಅವರು ನಿರ್ಧರಿಸುತ್ತಾರೆ ಎಂದರ್ಥ. ಬಿಡಿ ಕಂಪ್ಯೂಟರುಗಳನ್ನು ನಾವು ಮೊದಲೇ ಅದಕ್ಕೆ ಸೇರಿಸಿದ್ದೆವು. ಕೊನೆಗೆ ಉಳಿದದ್ದು ಅವೆಲ್ಲವುಗಳ ಮೇಲೆ ಕಣ್ಣಿಡುವ ಸರ್ವರ್. ಯಾವ ಯಂತ್ರ ಕೆಟ್ಟಿದೆ ಎಂದು ತೋರಿಸುವುದು, ಎಲ್ಲಕ್ಕೂ ಅಪ್‌ಡೇಟ್ ಕಳಿಸುವುದು ಅದೇ. ನಾನು ಕೆಲಸಕ್ಕೆ ಸೇರುವ ಮುಂಚೆ ಅದನ್ನು ಕೂಡಿಸಿದವರು ಅಣ್ಣ.

ಪುಣೆಯಿಂದ ಬಂದ ಸಾಹೇಬರು ಚಹಾ ಕುಡಿಯುತ್ತಲೇ ನಮಗಿಬ್ಬರಿಗೂ ಹೇಳಿದ್ದರು: ಸರ್ವರ್ ಹೊಸ ಡೊಮೇನಿಗೆ ಬಂದಮೇಲೆ ಎಲ್ಲವನ್ನೂ ಪುಣೆಯಿಂದಲೇ ನೋಡಿಕೊಳ್ಳುತ್ತೇವೆ, ಸೊಲ್ಲಾಪುರದಲ್ಲಿ ಒಬ್ಬರಿದ್ದರೆ ಸಾಕು, ಯಾರೆಂದು ಆಮೇಲೆ ತಿಳಿಸುತ್ತೇವೆ. ನಾವು ನಮ್ಮ ಕೋಣೆಗೆ ಮರಳಿ ಬಂದೆವು. ಅಣ್ಣ ಒಂದು ಪ್ರಿಂಟರ್ ಬಿಚ್ಚಿದರು. ನಾನು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಕೂತೆ. ಆ ವಿಷಯವನ್ನು ನಾವಿಬ್ಬರೂ ಅಂದೂ ಎತ್ತಲಿಲ್ಲ, ಮುಂದಿನ ವಾರಗಳಲ್ಲೂ ಎತ್ತಲಿಲ್ಲ. ನನಗೆ ಹೆದರಿಕೆ ಆಗಬೇಕಿತ್ತು. ಆದ ನೆನಪಿಲ್ಲ. ಸಂಜೆ ಮಂದ್ರೂಪದ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ಕಿಟಕಿಯ ಬದಿ ಕೂತಿರುತ್ತಿದ್ದೆ, ಊರು ಬಂದಾಗ ಇಳಿಯುತ್ತಿದ್ದೆ, ಅಷ್ಟೇ.

ಕಾರ್ಖಾನೆಗೆ ರಜೆಯಿದ್ದ ಒಂದು ರವಿವಾರ ಮುಂಜಾನೆ ಕೆಲಸ ಶುರುಮಾಡಿದೆವು. ಬ್ಯಾಕಪ್ ತೆಗೆದೆವು. ಸರ್ವರನ್ನು ಹಳೆಯ ಡೊಮೇನಿನಿಂದ ಬಿಡಿಸಿ, ರೀಸ್ಟಾರ್ಟ್ ಮಾಡಿ, ಹೊಸದಕ್ಕೆ ಸೇರಿಸಿದೆವು. ಯಂತ್ರವೇನೋ ಎದ್ದಿತು, ಅದರೊಳಗೆ ತಾವಾಗಿಯೇ ಓಡಬೇಕಾದ ಪ್ರೋಗ್ರಾಮುಗಳು ಮಾತ್ರ ಶುರುವಾಗಲಿಲ್ಲ. ಅವುಗಳಿಗೆಂದು ಪುಣೆಯವರು ಮಾಡಿಕೊಟ್ಟ ಖಾತೆಗೆ ಪರವಾನಗಿಯನ್ನೇ ಕೊಟ್ಟಿರಲಿಲ್ಲ. ಫೋನ್ ಮಾಡಿದರೆ, ಅದನ್ನು ನೋಡುವವರು ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ. ನಾವೂ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಪರವಾನಗಿ ಬಂದಮೇಲೆ ಸರ್ವರಿನ ಸಂಪರ್ಕಕ್ಕೆ ಬಂದ ಯಂತ್ರಗಳ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಹಸಿರಾಗತೊಡಗಿದವು. ಅಕ್ಕಲಕೋಟದವು ಮಾತ್ರ ಬೂದು ಬಣ್ಣದಲ್ಲೇ ಉಳಿದವು.

ಅಕ್ಕಲಕೋಟದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ, ಟವೆಲ್ಲಿನ ಅಂಚು ಹೊಲಿಯುವುದು ಅಲ್ಲೇ. ಇಲ್ಲಿಂದಲೇ ಸರಿಪಡಿಸಲು ನೋಡಿದೆವು, ಆಗಲಿಲ್ಲ. ಹೋಗಿಯೇ ಬರಬೇಕಾಯಿತು. ಬಸ್ಸಿನ ತುಂಬ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟ ಜನ. ವಳಸಂಗದಲ್ಲಿ ಸೀಟು ಸಿಕ್ಕಿತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ, ಕಿಟಕಿಯ ಕಡೆಗೇ ನೋಡುತ್ತ, “ತಂಗಿ, ನನಗ ಬುಧವಾರನ ಹೇಳ್ಯಾರ. ಈ ತಿಂಗಳು ಮುಗದ ಮ್ಯಾಲ ನಾ ಇರೂದಿಲ್ಲ. ನೀ ಇರ್ತಿ” ಎಂದರು.

ನನಗೆ ಕೇಳಲು ತೋಚಿದ್ದು ಒಂದೇ. “ಮತ್ತ ಇವತ್ತ ಯಾಕ ಬಂದ್ರಿ ಅಣ್ಣಾ?”

“ಬರದ ಏನ್ ಮಾಡ್ಲಿ? ನೀ ಒಬ್ಬಾಕಿನ ಹ್ಯಾಂಗ ಮಾಡ್ತಿದ್ದಿ?”

ಮುಂದೆ ಏನು ಮಾಡುತ್ತೀರಿ ಎಂದು ಕೇಳಬೇಕಿತ್ತು. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಹೂವಿನ ಹಾರ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಹಾರ ಜಾರುತ್ತದೇನೋ ಎಂದು ಅಕ್ಕಲಕೋಟದವರೆಗೂ ಅದನ್ನೇ ನೋಡುತ್ತ ಕೂತೆ.

ಘಟಕದ ಕಂಪ್ಯೂಟರುಗಳಲ್ಲಿ ಸರ್ವರಿನ ಹಳೆಯ ವಿಳಾಸವನ್ನು ಹಿಂದೆ ಯಾವಾಗಲೋ ಕೈಯಿಂದಲೇ ಬರೆದಿಟ್ಟಿದ್ದರು. ಹಾಗಾಗಿ ಅವು ಈಗಲೂ ಆ ವಿಳಾಸದಲ್ಲೇ ಅದನ್ನು ಹುಡುಕುತ್ತಿದ್ದವು. ಒಂದು ಸಾಲು ಅಣ್ಣ ಹಿಡಿದರು, ಇನ್ನೊಂದು ನಾನು. ವಿಳಾಸ ಬದಲಿಸುತ್ತ ಬಂದು ನಡುವೆ ಕೂಡಿದೆವು. ಬೂದು ಹೆಸರುಗಳೂ ಹಸಿರಾದವು. ಪುಣೆಯ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಮರಾಠಿಯಲ್ಲಿ ‘ಛಾನ್’, ಚಲೋ ಆಯಿತು ಎಂದರು, ಫೋನ್ ಇಟ್ಟರು.

ಸ್ಟ್ಯಾಂಡಿನಲ್ಲಿ ಅಣ್ಣ ಚಪಳಗಾಂವದ ಬಸ್ಸು ಹಿಡಿದರು. ಅಲ್ಲಿ ತಮ್ಮನ ಮನೆಯಲ್ಲಿ ಏನೋ ಕಾರ್ಯವಿತ್ತಂತೆ. ಮೆಟ್ಟಿಲ ಮೇಲೆ ನಿಂತು, “ಸಾವಕಾಶ ಹೋಗು” ಎಂದರು. ನಾನು ಹೂಂ ಎಂದೆ.

ನನ್ನ ನೌಕರಿ ಉಳಿದ ಸುದ್ದಿಗೆ ಮನೆಯಲ್ಲಿ ಅವ್ವ ಹೋಳಿಗೆ ಮಾಡಿದಳು. ನಾನು ಒಂದನ್ನೇ ತಿರುವಿ ಮುರುವಿ ತಿನ್ನುವುದನ್ನು ಕಂಡು, “ಬೆಲ್ಲ ಕಮ್ಮಿ ಆಗ್ಯಾದೇನ?” ಎಂದು ಕೇಳಿದಳು. ಇಲ್ಲ, ಸರಿಯಾಗಿದೆ ಎಂದೆ. ಅವಳು ಇನ್ನೊಂದು ಹಾಕಿದಳು. ಅದನ್ನೂ ತಿಂದೆ.

ತಿಂಗಳು ಮುಗಿದ ಮರುದಿನ ಪುಣೆಯಿಂದ ಎರಡು ಕೆಲಸ ಬಂದವು: ಹಳೆಯ ಡೊಮೇನನ್ನು ಪೂರ್ತಿ ಬಂದ್ ಮಾಡುವುದು, ಅಣ್ಣನ ಖಾತೆಯನ್ನು ಮುಚ್ಚುವುದು. ಅವರ ಹೆಸರು ಹುಡುಕಿ ಗುಂಡಿ ಒತ್ತಿದೆ. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ. ಆಮೇಲೆ ಲೆಕ್ಕದ ವಿಭಾಗದವರು ಕೀಬೋರ್ಡ್ ಕೆಟ್ಟಿದೆ ಎಂದು ಕರೆದರು, ಹೋಗಿ ಬದಲಿಸಿಕೊಟ್ಟೆ. ಈಗ ನನಗೆ ಉಳಿದಿರುವುದು ಇಂಥದ್ದೇ ಕೆಲಸ. ಆ ಎರಡು ಕೆಲಸ ಮುಗಿದಮೇಲೆ ಸರ್ವರಿನೊಳಗೆ ಹೋಗುವ ಅನುಮತಿ ನನಗೂ ಉಳಿದಿಲ್ಲ. ದಿನವಿಡೀ ಮರಾಠಿಯಲ್ಲೇ ಮಾತು.

ಮಳೆಗಾಲದಲ್ಲಿ ಒಂದು ದಿನ ಅಣ್ಣನ ಫೋನ್ ಬಂತು. ಸೊಲ್ಲಾಪುರದ್ದೇ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ, ಮೊದಲಿಗಿಂತ ಪಗಾರ ಕಡಿಮೆ ಎಂದು ಹೇಳಿದರು. ಅಲ್ಲಿ ಡೊಮೇನೂ ಇಲ್ಲ, ಏನೂ ಇಲ್ಲ, ಪ್ರತಿ ಯಂತ್ರವನ್ನೂ ಹೋಗಿ ಹೋಗಿ ನೋಡಬೇಕಂತೆ. ಇಲ್ಲಿಯದು ಹೇಗೆ ನಡೆದಿದೆ ಎಂದು ಕೇಳಿದರು.

“ನಡದದರಿ,” ಎಂದೆ.

“ಮತ್ತ?”

“ಮತ್ತೇನಿಲ್ಲ ಅಣ್ಣಾ.”

ಅತ್ತ ಕಡೆ ಯಾರೋ ಅವರನ್ನು ಮರಾಠಿಯಲ್ಲಿ ಕರೆದರು. ಅಣ್ಣ ನನಗೆ “ಬರ್ತೀನಿ” ಎಂದು ಫೋನ್ ಇಟ್ಟರು.