ಥ್ರೆಲ್ಕೆಲ್ಡ್ ಎಂಬ ಹೆಸರು

ಬಹರೈನಿನ ಹೂರಾದಲ್ಲಿರುವ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ಕಿತ್ತಳೆ ಸಿಪ್ಪೆ ಸಕ್ಕರೆಯಲ್ಲಿ ಬೇಯುವ ವಾಸನೆ ಬಂದರೆ ಈಗಲೂ ನಿಂತುಬಿಡುತ್ತೇನೆ. ಅದು ಸುಮತಿ ಅತ್ತೆಯ ಮನೆಯ ವಾಸನೆ. ಆ ಮನೆ ಕೆಡವಿದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ನಿಮಗೂ ಅಂಥದೊಂದು ಮನೆ ಇದ್ದೀತು. ಅತ್ತೆ ಅಪ್ಪನ ಒಬ್ಬಳೇ ತಂಗಿ. ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗಿನ ಯಂತ್ರ ರಿಪೇರಿ ಮಾಡಿಸುತ್ತಿದ್ದ ಇಂಗ್ಲಿಷ್ ಇಂಜಿನಿಯರರನ್ನು ಮದುವೆಯಾಗಿದ್ದಳು. ಅಪ್ಪ ಆ ಮನೆಗೆ ಕಾಲಿಡಲಿಲ್ಲ, ಅವರ ಹೆಸರನ್ನು ಬಾಯಲ್ಲಿ ತರಲೂ ಇಲ್ಲ. ಶುಕ್ರವಾರ ಅಮ್ಮನೊಡನೆ ನಾನು ಹೋಗುತ್ತಿದ್ದೆ. ಅತ್ತೆ ನೀರುದೋಸೆ ಹೊಯ್ಯುತ್ತಿದ್ದರೆ ಅವಳ ಗಂಡ ಪಕ್ಕದಲ್ಲೇ ನಿಂತು ಕಿತ್ತಳೆ ಸಿಪ್ಪೆ ಹೆಚ್ಚುತ್ತಿದ್ದರು.

ಅತ್ತೆ ಬಸುರಿಯಾದ ಚಳಿಗಾಲದಲ್ಲಿ ಅವರ ಮಾತು ಹೆಚ್ಚಾಯಿತು. ಥ್ರೆಲ್ಕೆಲ್ಡ್ ಎಂಬ ಅವರ ಕುಲನಾಮ ಹೇಳಲು ಬಾರದೆ ನಾನು ತ್ರಿಕಲ್ಲು ಎಂದರೆ ನಗುತ್ತಿದ್ದರು. ಇಂಗ್ಲೆಂಡಿನ ಉತ್ತರದ ಗುಡ್ಡಗಳ ನಡುವೆ ಆ ಹೆಸರಿನ ಹಳ್ಳಿಯಿದೆಯಂತೆ. ಅಲ್ಲಿಂದ ಹೊರಟವರಿಗೆ, ನಮ್ಮವರಿಗೆ ಆಗುವಂತೆಯೇ, ಊರ ಹೆಸರು ಅಂಟಿಕೊಂಡಿತಂತೆ. ಆ ಪದ ಮಾತ್ರ ಹಿಂದೆ ಕಡಲು ದಾಟಿ ಬಂದು ಅಲ್ಲಿ ನೆಲೆಸಿದ ಜನರದು. ಮೊದಲರ್ಧಕ್ಕೆ ಜೀತದಾಳು ಎಂದು ಅರ್ಥ, ಉಳಿದರ್ಧಕ್ಕೆ ಒರತೆ. ಜೀತದವರ ಒರತೆ. ಅವರ ದೇಶದಲ್ಲೂ ಅಪರೂಪದ ಹೆಸರು, ಅವರ ಮನೆತನದಲ್ಲಂತೂ ಅವರೊಬ್ಬರೇ ಉಳಿದಿದ್ದರು. ಅತ್ತೆ ಇದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳುವಾಗ ಅವರು ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ಮನೆಗೆ ಬಂದು ನಾನು ಒಪ್ಪಿಸಿದಾಗ ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತದೆ, “ಜೀತದವರ ಹೆಸರಿಗೆ ನಮ್ಮನ್ನು ಬಿಟ್ಟಳೋ” ಎಂದ.

ಮಗು ಒಂದು ಹಗಲು ಬದುಕಿತು. ಗಂಡು. ಊರಿನ ಕ್ರಮದಂತೆ ತೊಟ್ಟಿಲಿಗೆ ಹಾಕುವ ದಿನವೇ ಹೆಸರಿಡಬೇಕೆಂದು ಅತ್ತೆ ಹಟ ಹಿಡಿದಿದ್ದಳು, ಅವರೂ ಒಪ್ಪಿದ್ದರು. ಹಾಗಾಗಿ ಕಲ್ಲಿನ ಮೇಲೆ ಕೆತ್ತಲು ಉಳಿದದ್ದು ಕುಲನಾಮವೊಂದೇ. ಮಣ್ಣು ಮಾಡುವಾಗ ಅಪ್ಪ ಯಾರೂ ಕರೆಯದೆ ಬಂದು ಕ್ರೈಸ್ತರ ಸ್ಮಶಾನದ ಗೋಡೆಯ ಬಳಿ ನಿಂತಿದ್ದ. ಜನ ಚದುರಿದ ಮೇಲೆ ಹತ್ತಿರ ಹೋಗಿ, ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕೆಂದು ಅವರನ್ನೇ ಕೇಳಿದ. ಅವರು ಹೇಳಿಕೊಟ್ಟರು. ನಾಲಗೆ ತೊಡರಿದರೂ ಅಪ್ಪ ಬಿಡದೆ ಮತ್ತೆ ಮತ್ತೆ ಹೇಳಿದ. ಕಾರಿನಲ್ಲಿ ಬರುವಾಗ ನನ್ನ ಕಡೆ ತಿರುಗದೆ, “ಇನ್ನು ಅವರನ್ನು ಮಾವ ಅಂತ ಕರಿ” ಎಂದ.

ಅತ್ತೆ ಚೇತರಿಸಿಕೊಳ್ಳಲಿಲ್ಲ. ಮಾವನ ಕೆಲಸ ಮುಗಿದು ಇಬ್ಬರೂ ಇಂಗ್ಲೆಂಡಿಗೆ ಹೋದರು. ಮೊದಲು ಅವಳದು, ಆಮೇಲೆ ಮಾವನದು, ಸಾವಿನ ಸುದ್ದಿಯಷ್ಟೇ ಬಂತು. ಅಪ್ಪನೂ ಈಗಿಲ್ಲ. ಬಹರೈನಿನಲ್ಲಿ ಉಳಿದವಳು ನಾನೊಬ್ಬಳು. ಮೊನ್ನೆ ಸ್ಮಶಾನಕ್ಕೆ ಹೋದಾಗ ಉಪ್ಪುಗಾಳಿ ಅರ್ಧ ಅಕ್ಷರಗಳನ್ನು ತಿಂದುಹಾಕಿತ್ತು. ಹೊಸ ಕಾವಲುಗಾರ ನನ್ನ ಹಣೆಯ ಕುಂಕುಮ ನೋಡಿ, ಕಲ್ಲು ನೋಡಿ, ಇದು ನಿಮಗೆ ಯಾರು ಎಂದು ಹಿಂದಿಯಲ್ಲಿ ಕೇಳಿದ.

“ಹಮಾರೇ ಘರ್ ಕಾ ಬಚ್ಚಾ,” ಎಂದೆ. ನಮ್ಮ ಮನೆಯ ಮಗು.

ಅವನು ಕುಕ್ಕರಗಾಲಲ್ಲಿ ಕೂತು ಕಲ್ಲಿನ ಮೇಲಿನ ಮರಳನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ.