ನಕ್ಷೆಗೆ ಕಂಡ ಕಾಡು

ರಾಣೆಬೆನ್ನೂರಿನಲ್ಲಿ ಸೋಯಾಬೀನ್ ಕೊಳ್ಳುವ ಕಂಪನಿಯೊಂದಕ್ಕೆ ನಾನು ಹೊಲ ಅಳೆದು ಕೊಡುತ್ತೇನೆ. ಅಳೆಯುವುದೆಂದರೆ ಮೊಬೈಲ್ ಹಿಡಿದು ಬದುವಿನ ಗುಂಟ ಒಂದು ಸುತ್ತು ನಡೆಯುವುದು, ಅಷ್ಟೆ. ನಮ್ಮ ಮಾಲು ಹೋಗುವ ಹೊರದೇಶದಲ್ಲಿ ಹೊಸ ಕಾನೂನು ಮಾಡಿದ್ದಾರೆ: ಕಾಡು ಕಡಿದ ನೆಲದಲ್ಲಿ ಬೆಳೆದದ್ದನ್ನು ಅವರು ಕೊಳ್ಳುವುದಿಲ್ಲ. ಎಲ್ಲೋ ದೊಡ್ಡ ದೊಡ್ಡ ಕಾಡು ಸುಟ್ಟು ಸೋಯಾ ಬಿತ್ತುತ್ತಾರಂತೆ. ಯಾರಾದರೂ ತಡೆಯಬೇಕಲ್ಲ! ನನಗೆ ಖುಷಿಯಾಗಿತ್ತು. ಊರೂರಿಗೆ ಹೋಗಿ ಅದನ್ನೇ ಹೇಳಿದೆ.

ಕಳೆದ ವರ್ಷ ತವರೂರು ಹಲಗೇರಿಯಲ್ಲಿ ಅಣ್ಣನ ಹೊಲ ಅಳೆದೆ. ನಕ್ಷೆಯಲ್ಲಿ ಅದು ಕೆಂಪಾಯಿತು. ಅಲ್ಲಿ ಅವನೇ ನೀಲಗಿರಿ ಹಚ್ಚಿದ್ದ. ನೀರು ಹೀರುತ್ತದೆಂದು ಅವನೇ ಕಡಿಸಿ ಸೋಯಾ ಬಿತ್ತಿದ್ದ. ಆಕಾಶದಿಂದ ತೆಗೆದ ಹಳೆಯ ಚಿತ್ರದಲ್ಲಿ ಮರ, ಹೊಸದರಲ್ಲಿ ಬಯಲು. ಅಂದರೆ ಕಾಡು ಕಡಿದವನು ನಮ್ಮಣ್ಣ!

"ನೀಲಗಿರಿ ಯಾವಾಗಿಂದ ಕಾಡಾತು ತಂಗಿ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಅಕ್ಕಪಕ್ಕದ ನಾಲ್ಕು ಮನೆಯ ಸೋಯಾ ಒಂದೇ ಕಣದಲ್ಲಿ ರಾಶಿಯಾಗಿ ಒಂದೇ ಲಾರಿಯಲ್ಲಿ ಹೋಗುತ್ತದೆ. ನಕ್ಷೆ ಕೆಂಪಾಗುವಷ್ಟರಲ್ಲಿ ಆ ಲಾರಿ ಹೊರಟಾಗಿತ್ತು. ಅಣ್ಣನ ಕಾಳು ಬೆರೆತದ್ದಕ್ಕೆ ಇಡೀ ಲಾರಿ ವಾಪಸ್ ಬಂತು. ಕಂಪನಿಯವರ ಮುಂದೆ ಗೋಗರೆದೆ. "ನಮ್ಮ ಕೈಯಾಗ ಏನೈತ್ರಿ ಮೇಡಂ?" ಎಂದರು. ನಿಜವೇ, ಅವರ ಕೈಯಲ್ಲೂ ಏನಿರಲಿಲ್ಲ. ಯಾರ ಕೈಯಲ್ಲಿದೆಯೋ ಅವರಿಗೆ ಹಲಗೇರಿ ಎಲ್ಲಿದೆ ಎಂಬುದೇ ಗೊತ್ತಿಲ್ಲ.

ಈ ಬೇಸಿಗೆಯಲ್ಲಿ ಹೋದಾಗ ನಾಲ್ಕೂ ಮನೆಯವರು ಬದುವಿನ ಮರಗಳಿಗೆ ಕೊಡಲಿ ಹಾಕಿದ್ದರು. ಮರವಿದ್ದರೆ ತಾನೆ ನಕ್ಷೆಗೆ ಕಾಡು ಕಾಣುವುದು ಎಂಬ ತರ್ಕ ಅವರದು! "ಬದುವಿನ ಗಿಡ ಲೆಕ್ಕಕ್ಕಿಲ್ರಿ, ಕಡೀಬ್ಯಾಡ್ರಿ" ಎಂದು ಗಂಟಲು ಹರಿದುಕೊಂಡೆ.

"ನೀಲಗಿರಿನೂ ಲೆಕ್ಕಕ್ಕಿಲ್ಲ ಅಂತನ ತಿಳಕೊಂಡಿದ್ವೆವ್ವಾ" ಎಂದರು ಪಕ್ಕದ ಹೊಲದ ಕಾಕಾ. ಸಿಟ್ಟಿರಲಿಲ್ಲ, ಸಮಾಧಾನದಿಂದಲೇ ಹೇಳಿದರು.

ಅಣ್ಣನ ಬದುವಿನಲ್ಲಿ ಅಪ್ಪ ಬೆಳೆಸಿದ ಬೇವಿತ್ತು. ಬುತ್ತಿ ಬಿಚ್ಚಲು ಇಡೀ ಹೊಲಕ್ಕೆ ಅದೊಂದೇ ನೆರಳು. ಅದೊಂದನ್ನಾದರೂ ಬಿಡು ಎಂದು ಅವನ ಕೈ ಹಿಡಿದುಕೊಂಡೆ.

"ನನ್ನ ಸಲುವಾಗಿ ಒಮ್ಮೆ ಎಲ್ಲಾರ ಲಾರಿ ತಿರುಗಿ ಬಂದೈತಿ. ಮತ್ತ ಹಂಗಾದ್ರ ಇವರಿಗೆ ಹೆಂಗ ಮಾರಿ ತೋರಸ್ಲಿ?" ಎಂದ.

ಬೇವು ಉರುಳಿದಾಗ ಅತ್ತುಬಿಟ್ಟೆ. ದಿಮ್ಮಿಯನ್ನು ಟ್ರ್ಯಾಕ್ಟರಿಗೆ ಏರಿಸಲು ಆಳು ಸಾಲಲಿಲ್ಲ. "ಆ ಕಡೆ ಒಂಚೂರು ಹಿಡಿ ಬಾ" ಎಂದು ಅಣ್ಣ ಕರೆದ.

ಮೊಬೈಲನ್ನು ಬದುವಿನ ಮೇಲಿಟ್ಟು, ಹೋಗಿ ಹಿಡಿದೆ.