ದಿನವೂ ಎಣಿಸಿದ ಮೀನು

"ನಮ್ಮ ವಂಶದಲ್ಲಿ ಡಿಗ್ರಿಯಾ? ಆಗೋ ಮಾತಾಡು" ಎಂದವನು ನನ್ನ ಸೋದರಮಾವ. ಅಪ್ಪ ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಸೇರಿದ್ದು ಮೀನುಗಾರಿಕೆ ಪದವಿಗೆ ಎಂದಾಗ ಮಾವ ಇನ್ನೂ ನಕ್ಕ: "ಮೀನು ಹಿಡಿಯೋಕೆ ಕಾಲೇಜ್ ಯಾಕೆ? ಬಲೆ ಸಾಕು."

ನಗರದ ಹೊರಗೆ, ರೆಡ್ ಹಿಲ್ಸ್ ಆಚೆ ಅವನದು ನಾಲ್ಕು ಸಿಮೆಂಟ್ ತೊಟ್ಟಿಗಳ ತಿಲಾಪಿಯ ಮೀನಿನ ಸಾಕಣೆ. ನನ್ನ ಕೊನೆಯ ವರ್ಷದಲ್ಲಿ ಆ ಮೀನುಗಳು ಸಾಯತೊಡಗಿದವು. ಮಾವನ ಅನುಮಾನ ಕಾವಲಿನ ತಾತನ ಮೇಲೆ. "ಕದೀತಾನೆ, ಉಳಿದಿದ್ದಕ್ಕೆ ಏನೋ ಹಾಕ್ತಾನೆ. ತಿಂಗಳ ಕೊನೆಗೆ ಕಳಿಸಿಬಿಡ್ತೀನಿ." ಅಲ್ಲಿನ ಗುಡಿಸಲು ಬಿಟ್ಟರೆ ತಾತನಿಗೆ ಬೇರೆ ನೆಲೆಯಿರಲಿಲ್ಲ.

ಸುಳ್ಳೇಕೆ, ನನಗೂ ಅನುಮಾನವಿತ್ತು. ತಾತ ಟೀ ಕುಡಿಯಲು ಹೋದಾಗ ಅವನ ಡಬ್ಬಿಗಳನ್ನು ಮೂಸಿ ನೋಡಿದೆ. ಹುಣಸೆ, ಉಪ್ಪು, ವಿಭೂತಿ. ನೀರು ಪರೀಕ್ಷಿಸಿದೆ, ಸರಿಯಿತ್ತು.

ಮರುದಿನ ಬೆಳಿಗ್ಗೆ ಮಾವ ಬಂದವನೇ ಬಲೆ ಇಳಿಸಿ, ಮೀನುಗಳನ್ನೆಲ್ಲ ಎತ್ತಿ ಬಕೆಟ್ಟಿಗೆ ಹಾಕಿ ಎಣಿಸಿದ. ಕಳವಾಗಿದೆಯೇ ಎಂದು ತಿಳಿಯಲು ದಿನವೂ ಇದೇ ಕೆಲಸವಂತೆ. ಒಂದು ಮೀನನ್ನು ಕೈಗೆತ್ತಿಕೊಂಡೆ. ಮೈಯ ಲೋಳೆ ಬಲೆಗೆ ಉಜ್ಜಿ ಹೋಗಿತ್ತು. ಹುರುಪೆ ಕಿತ್ತಲ್ಲಿ ಹತ್ತಿಯಂತೆ ಬಿಳಿ ಬೂಸ್ಟು.

"ಮಾವ, ಸಾಯಿಸ್ತಿರೋದು ನೀನೇ. ದಿನಾ ಹೀಗೆ ಹೆದರಿಸಿದ್ರೆ ಅವು ಮೇವು ಮುಟ್ಟಲ್ಲ, ರೋಗ ತಡೆಯೋ ಶಕ್ತಿ ಹೋಗುತ್ತೆ."

"ಮೀನಿಗೆ ಟೆನ್ಷನ್ನಾ? ಬಿಪಿ ಮಾತ್ರೆ ಕೊಡ್ಲಾ? ತಾತ ನಿನಗೂ ಪಾಲು ಕೊಡ್ತಾನಾ?"

"ಒಂದು ತೊಟ್ಟಿ ತಾತನಿಗೇ ಬಿಡು, ಬಲೆ ಹಾಕ್ಬೇಡ. ಉಳಿದ ಮೂರನ್ನ ನೀನೇ ನೋಡ್ಕೋ."

ಮಾವ ತನ್ನ ಮೂರಕ್ಕೂ ಜಾಲರಿ ಹೊದಿಸಿ ಬೀಗ ಹಾಕಿದ. ಕೀಲಿ ಅವನ ಸೊಂಟದಲ್ಲಿ. ಮೊದಲ ವಾರ ತಾತನ ತೊಟ್ಟಿಯಲ್ಲೂ ಎರಡು ಸತ್ತವು. ನಾನು ತಾತನನ್ನೂ ತಾತ ನನ್ನನ್ನೂ ಓರೆಗಣ್ಣಲ್ಲಿ ನೋಡಿದೆವು. ಆಮೇಲೆ ಅಲ್ಲಿ ಒಂದೂ ಸಾಯಲಿಲ್ಲ; ಮೇವೆರಚಿದರೆ ಮುಗಿಬೀಳುತ್ತಿದ್ದವು. ಬೀಗ ಹಾಕಿದ ತೊಟ್ಟಿಗಳಲ್ಲಿ ಎಣಿಕೆಯೂ ಸಾವೂ ನಡೆದೇ ಇದ್ದವು.

ತಿಂಗಳ ಕೊನೆಗೆ ತಾತ ಬಟ್ಟೆಗಂಟು ಕಟ್ಟಿಕೊಂಡು ಕೂತಿದ್ದ. ಮಾವ ನಾಲ್ಕೂ ತೊಟ್ಟಿಗಳನ್ನು ಎರಡು ಸಲ ಸುತ್ತಿದ. ಕೊನೆಗೆ ಬಲೆಯನ್ನು ಮೊಳೆಗೆ ತೂಗುಹಾಕಿ, ಗಂಟು ಬಿಚ್ಚೆಂದು ತಾತನಿಗೆ ತಮಿಳಿನಲ್ಲಿ ಗದರಿದ.

ಪದವಿಪತ್ರ ಬಂದ ದಿನ ಅದನ್ನು ಮೊದಲು ಮಾವನ ಕೈಗೇ ಕೊಟ್ಟೆ. ಬೆಳಕಿಗೆ ಹಿಡಿದ, ಮುದ್ರೆಯನ್ನು ಉಗುರಿನಿಂದ ಕೆರೆದ. ಆಮೇಲೆ ಅಮ್ಮನಿಗೆ ಕೊಟ್ಟ.

"ಅಕ್ಕಾ, ಬೀರುವಲ್ಲಿಡು. ದಿನಾ ತೆಗೆದು ತೆಗೆದು ನೋಡ್ಬೇಡ."